ನೀಲಿಗಟ್ಟುವ ಅಣಬೆ

ಅಕ್ಕ ತೀರಿಕೊಂಡ ವರ್ಷ ಮುಂಗಾರು ಚೆನ್ನಾಗಿ ಹಿಡಿದಿತ್ತು. ಅದು ನನಗೆ ನೆನಪಿರುವುದು ಅಣಬೆಗಳಿಂದ. ಆ ವರ್ಷದ ಬೇರೆ ಯಾವುದನ್ನೂ ನಾನು ಸರಿಯಾಗಿ ಗಮನಿಸಲಿಲ್ಲ.

ಹಾಸನದ ಒಂದು ಪದವಿ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಇಬ್ಬರೂ ಮದುವೆಯಾಗಿರಲಿಲ್ಲ, ಬಾಡಿಗೆ ಮನೆಯೊಂದರಲ್ಲಿ ಒಟ್ಟಿಗೆ ಇದ್ದೆವು. ಬೇಸಿಗೆಯ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದವಳು ಕೈಯಲ್ಲಿ ಬಾಚಣಿಗೆ ಹಿಡಿದಂತೆಯೇ ಕುಸಿದಳು. ಮೆದುಳಿನಲ್ಲಿ ರಕ್ತ ಒಸರಿತ್ತು. ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಮರುದಿನ ಹೋದಳು.

ನಾನು ಅಳಲಿಲ್ಲ. ಬೇಕೆಂದು ತಡೆದುಕೊಂಡದ್ದಲ್ಲ, ಬರಲಿಲ್ಲ. ಬಂದವರಿಗೆ ನೀರು ಕೊಟ್ಟೆ, ಕುರ್ಚಿ ಹಾಕಿಸಿದೆ, ಮಸಣಕ್ಕೆ ಹೋಗುವ ವ್ಯಾನಿಗೆ ಫೋನ್ ಮಾಡಿದೆ. ಚಿಕ್ಕಮ್ಮ ಒಬ್ಬಳು ಎಲ್ಲರೆದುರು, "ಎಂಥಾ ಕಲ್ಲೆದೆಯೇ ನಿಂದು, ಸಾಕಿದ ಅಕ್ಕ ಕಣೇ ಅವಳು, ಒಂದು ಹನಿ ಕಣ್ಣೀರು ಬರಲಿಲ್ವಲ್ಲ" ಎಂದಳು. ಆ ಮಾತು ನನಗೆ ಚುಚ್ಚಲೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಒಸಡು ಮುಟ್ಟಿ ನೋಡಿಕೊಂಡರೆ ಹೇಗಿರುತ್ತದೋ ಹಾಗಿತ್ತು. ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತಿತ್ತು, ಒಸಡಿಗೆ ಗೊತ್ತಾಗುತ್ತಿರಲಿಲ್ಲ. ಕಾಲೇಜಿಗೆ ರಜೆ ಇತ್ತು, ರಜೆ ಮುಗಿಯಿತು, ಪಾಠ ಶುರು ಮಾಡಿದೆ. ಯಾರಾದರೂ ಕೇಳಿದರೆ "ಚೆನ್ನಾಗಿದೀನಿ" ಎನ್ನುತ್ತಿದ್ದೆ. ಅದು ಸುಳ್ಳು ಅಂತಲೂ ಅನ್ನಿಸುತ್ತಿರಲಿಲ್ಲ.

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ನರ್ಸ್ ಫೋನ್ ಮಾಡಿದರು.

"ನೀನು ಗಿಡಮರದ ಪಾಠ ಮಾಡ್ತೀಯಲ್ಲ, ಅಣಬೆ ಗೊತ್ತಾಗುತ್ತೇನೇ ನಿಂಗೆ?"

"ಯಾಕೆ?"

"ಅರಕಲಗೂಡು ಕಡೆಯವರು, ತಾಯಿ ಮಗ. ನಿನ್ನೆ ಮಧ್ಯಾಹ್ನ ಅಣಬೆ ಸಾರು ತಿಂದು ವಾಂತಿ ಭೇದಿ ಆಗಿ ಬಂದವರೆ. ಡಾಕ್ಟರು ಯಾರನ್ನಾದರೂ ಕೇಳಬೇಕು ಅಂತಿದ್ರು. ನಿನ್ನ ಹೆಸರು ಹೇಳಿದೆ. ಬರ್ತೀಯಾ?" ಅಷ್ಟು ಹೇಳಿ ಆಕೆ ತಡೆದರು. ನನ್ನನ್ನು ಯಾವ ಕಟ್ಟಡಕ್ಕೆ ಕರೆಯುತ್ತಿದ್ದೇನೆ ಎನ್ನುವುದು ಆಗ ಅವರಿಗೆ ಹೊಳೆದಿರಬೇಕು. "ಆಗೋದಾದ್ರೆ ಮಾತ್ರ ಬಾ ಕಣೇ."

ಬರುತ್ತೇನೆ ಎಂದೆ. ಎಂ.ಎಸ್ಸಿ. ಓದುವಾಗ ಅಣಬೆಗಳ ಮೇಲೆ ಒಂದು ಸಣ್ಣ ಪ್ರಬಂಧ ಬರೆದಿದ್ದೆ. ಆಮೇಲೆ ವರ್ಷಕ್ಕೊಮ್ಮೆ ತರಗತಿಯಲ್ಲಿ ಚಿತ್ರ ಬರೆದು ತೋರಿಸುವುದು ಬಿಟ್ಟರೆ ಅವುಗಳ ಸಹವಾಸ ಇರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು, ನೇರವಾಗಿ ವಿಷಯಕ್ಕೆ ಬಂದರು. ಊಟವಾದ ಒಂದೆರಡು ಗಂಟೆಯಲ್ಲೇ ಶುರುವಾಗಿದೆ, ಅದು ಒಳ್ಳೆಯ ಸೂಚನೆ. ಆದರೆ ಲಿವರನ್ನೇ ತಿಂದುಬಿಡುವ ಅಣಬೆಯೂ ಜೊತೆಗೆ ಸೇರಿದ್ದರೆ ಈಗ ಸುಧಾರಿಸಿದಂತೆ ಕಂಡು ಆಮೇಲೆ ಕೈಮೀರಿ ಹೋಗುತ್ತದೆ. ಹಾಗೇನಾದರೂ ಇದ್ದರೆ ಇವತ್ತೇ ಬೆಂಗಳೂರಿಗೆ ಕಳಿಸಬೇಕು. "ಇನ್ನೊಂದು ವಿಷಯ ಇದೆ ಮೇಡಂ. ಅಣಬೆ ಅಲ್ಲವೇ ಅಲ್ಲ, ಸಾರಿಗೆ ಏನೋ ಹಾಕಿದ್ದಾರೆ ಅಂತ ಮನೆಯವರೇ ಹೇಳ್ತಿದ್ದಾರೆ. ಪೊಲೀಸರು ಬಂದಿದ್ದಾರೆ."

ಹೊರಗೆ ಬೆಂಚಿನ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಮೂವತ್ತರ ಒಳಗಿನ ವಯಸ್ಸು. ಬೆಂಚು ಉದ್ದಕ್ಕಿದ್ದರೂ ಅವಳ ಅಕ್ಕಪಕ್ಕ ಯಾರೂ ಕೂತಿರಲಿಲ್ಲ. ಒಳಗೆ ಮಲಗಿದ್ದ ಮುದುಕಿಯ ಸೊಸೆ ಅವಳು, ಮಲಗಿದ್ದ ಗಂಡಸಿನ ಹೆಂಡತಿ. ಸಾರು ಮಾಡಿದವಳು ಅವಳೇ. ತಿನ್ನದವಳೂ ಅವಳೊಬ್ಬಳೇ. ಅವಳ ಮೈದುನ, ಪಕ್ಕದ ಮನೆಯಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದವನು, ಪೊಲೀಸ್ ಪೇದೆಯ ಹತ್ತಿರ ಗಟ್ಟಿಯಾಗಿ ಮಾತಾಡುತ್ತಿದ್ದ.

"ಮನೇಲಿ ಒಗೇಸೊಪ್ಪಿಗೆ ಒಡಿಯೋ ಔಸ್ದಿ ಡಬ್ಬ ಐತೆ ಸಾ. ಎಲ್ರೂ ತಿಂದವ್ರೆ, ಇವ್ಳು ತಿಂದಿಲ್ಲ. ಗಂಡ ಒಳಗ್ ಮಲಗವ್ನೆ, ಒಂದ್ ಅನಿ ಕಣ್ಣೀರ್ ಆಕಿದ್ಲಾ ಕೇಳಿ! ರಾತ್ರಿಯಿಂದ ಇಂಗೇ ಗೊಂಬೆ ಕುಂತಂಗೆ ಕುಂತವ್ಳೆ."

ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ಸ್ವಲ್ಪ ಸರಿದು ಜಾಗ ಮಾಡಿದಳು. ಜಾಗ ಬೇಕಾದಷ್ಟಿತ್ತು.

"ಯಾಕೆ ತಿನ್ನಲಿಲ್ಲ ನೀವು?"

"ಶನಿವಾರ ನಾನು ಒಪ್ಪತ್ತು ಮೇಡಂ. ಅಣಬೆ ಬಾಡಿನ ಲೆಕ್ಕ. ಮುಟ್ಟಕಿಲ್ಲ."

"ಅಣಬೆ ಹೇಗಿತ್ತು? ಟೋಪಿಯ ಕೆಳಗೆ ಪುಸ್ತಕದ ಹಾಳೆ ಜೋಡಿಸಿದ ಹಾಗಿತ್ತಾ?"

ಅವಳು ಯೋಚಿಸಿದಳು. ಸುಳ್ಳು ಹೇಳುವವರು ಯೋಚಿಸುವ ರೀತಿ ಬೇರೆ. ಇವಳು ಕೈಯಲ್ಲಿ ಅಣಬೆ ಹಿಡಿದು ತಿರುಗಿಸಿದ ಹಾಗೆ ಬೆರಳು ಆಡಿಸಿ ನೋಡಿಕೊಂಡಳು. "ಆಳೆ ಇರ್ನಿಲ್ಲ. ಜೇನುಗೂಡ್ ಇರ್ತದಲ್ಲ, ಅಂಗೆ ಸಣ್ಣ ಸಣ್ಣ ತೂತು. ಮೆತ್ತಗಿತ್ತು. ನೀರು ಈರ್ಕಂತಿತ್ತು, ಅದ್ಕೇ ಆ ಭಾಗಾನೆಲ್ಲ ಕೆತ್ತಿ ತೆಗೆದೆ. ಕುಯ್ದಾಗ ನೀಲಿ ಆಗ್ಬುಡ್ತು ಮೇಡಂ, ಇಂಕು ಚೆಲ್ದಂಗೆ. ನಂಗ್ ಭಯ ಆಗಿ ಅತ್ತೆಗೆ ತೋರಿಸ್ದೆ. 'ನಮ್ ತೌರಲ್ಲೂ ಇಂಗೇ ಆಗದು, ಸುಮ್ನೆ ಕುಯ್ಯಿ' ಅಂದ್ರು. ಅತ್ತೆನೇ ಸೌದೆಗ್ ಓದಾಗ ತಂದಿದ್ದು ಆ ಅಣಬೆನ."

ಮೈದುನ ಅಲ್ಲಿಂದಲೇ, "ಅವ್ಳು ಏಳಿದ್ದ ನಂಬ್ಬೇಡಿ ಮೇಡಂ. ಅವ್ವ ತಂದಿದ್ದ ನಾವ್ಯಾರೂ ನೋಡಿಲ್ಲ" ಎಂದ. ಮುದುಕಿ ಮಂಪರಿನಲ್ಲಿದ್ದಳು. ಮಗನಿಗೂ ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ತ್ರಾಣ ಇರಲಿಲ್ಲ. ಉಳಿದ ಸಾರನ್ನು ಪಾತ್ರೆ ಸಮೇತ ಪೊಲೀಸರು ಪರೀಕ್ಷೆಗೆ ಕಳಿಸಿದ್ದರು. ಅದರ ವರದಿ ಎಷ್ಟು ದಿನಕ್ಕೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

"ಕೆತ್ತಿ ತೆಗೆದಿದ್ದನ್ನ ಏನು ಮಾಡಿದ್ರಿ?" ಎಂದೆ.

"ತಿಪ್ಪೆಗ್ ಸುರಿದೆ."

ಹೋಗಲೇಬೇಕು ಎಂದು ನಾನೇ ಹೇಳಿದೆ. ಮೈದುನನ ಬಳಿ ಒಂದು ಹಳೆಯ ವ್ಯಾನ್ ಇತ್ತು. ನಾನು ಮುಂದೆ ಕೂತೆ, ಪೇದೆ ಹಿಂದೆ ಕೂತು ಊರು ದಾಟುವ ಮೊದಲೇ ತೂಕಡಿಸತೊಡಗಿದ. ಸಣ್ಣಗೆ ಮಳೆ. ಅರಕಲಗೂಡು ದಾರಿಯಲ್ಲಿ ಹೊಲಗಳಲ್ಲಿ ಹೊಗೆಸೊಪ್ಪು ಮೊಣಕಾಲೆತ್ತರ ಬಂದಿತ್ತು. ಮೈದುನ ತಾನಾಗಿ ಮಾತು ತೆಗೆದ.

"ಅಣ್ಣ ಅತ್ಗೆ ಇಬ್ರೂ ಚನ್ರಾಯಪಟ್ಣಕ್ಕೆ ಓಗಿ ಮನೆ ಮಾಡ್ತೀವಿ ಅಂತಿದ್ರು. ಅಲ್ಲಿ ಕೊಬ್ರಿ ಮಂಡೀಲಿ ಅಣ್ಣಂಗೆ ಕೆಲ್ಸ ಐತೆ. ಅವ್ವ ಬ್ಯಾಡ ಅಂತು. ಅದ್ಕೇ ದಿನಾ ಜಗಳ. ಈಗ ನೀವೇ ಲೆಕ್ಕ ಆಕಿ."

"ಅತ್ತೆಗೆ ಸಿಟ್ಟಿಂದ ಹಾಕಿದರು ಅಂತಲೇ ಇಟ್ಟುಕೊಳ್ಳಿ. ಗಂಡನಿಗೂ ಹಾಕ್ತಾರಾ?"

ಅವನು ಮುಂದಿನ ಗಾಜನ್ನು ಕೈಯಿಂದ ಒರೆಸಿದ. ಒಂದು ಊರು ದಾಟಿದ ಮೇಲೆ, "ಅಳ್ನಿಲ್ಲ ಮೇಡಂ ಅವ್ಳು. ಅದೇ ನಂಗ್ ತಲೇಲಿ ಕುಂತೈತೆ" ಎಂದ.

"ನಮ್ಮಕ್ಕ ಸತ್ತಾಗ ನಾನೂ ಅಳಲಿಲ್ಲ. ಎರಡು ತಿಂಗಳಾಯಿತು, ಇವತ್ತಿನವರೆಗೂ ಅತ್ತಿಲ್ಲ."

ಅವನು ತಿರುಗಿ ನೋಡಿದ.

ತಿಪ್ಪೆ ಮನೆಯ ಹಿಂದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದಲ್ಲಿತ್ತು. ಹಿಂದಿನ ದಿನ ಸುರಿದ ಸಿಪ್ಪೆಯ ಮೇಲೆ ಸಗಣಿ ಬಿದ್ದಿತ್ತು, ಬೂದಿ ಬಿದ್ದಿತ್ತು. ಕುಕ್ಕರಗಾಲಲ್ಲಿ ಕೂತು ಒಂದು ಕಡ್ಡಿಯಿಂದ ಬಿಡಿಸುತ್ತಾ ಹೋದೆ. ಈರುಳ್ಳಿ ಸಿಪ್ಪೆ, ಹುಣಸೆ ಹಿಪ್ಪೆ, ಆಮೇಲೆ ಅಣಬೆ. ಪಟ್ಟಿ ಪಟ್ಟಿಯಾಗಿ ಕೆತ್ತಿದ ಮೆತ್ತನೆಯ ಪದರು, ಹುಳ ಕೊರೆದ ದಂಟಿನ ಬುಡಗಳು. ಒಂದೊಂದನ್ನೂ ಬಾಳೆ ಎಲೆಯ ಮೇಲೆ ಹರಡಿ, ಮನೆಯಿಂದ ತಂದಿದ್ದ ಭೂತಗನ್ನಡಿ ಹಿಡಿದು ನೋಡಿದೆ.

ನೋಡಬೇಕಾದದ್ದು ಇಷ್ಟೇ. ಮನುಷ್ಯರನ್ನು ಕೊಲ್ಲುವ ಅಣಬೆಗಳಲ್ಲಿ ಹೆಚ್ಚಿನವಕ್ಕೆ ಟೋಪಿಯ ಅಡಿಯಲ್ಲಿ ಹಾಳೆಗಳಿರುತ್ತವೆ, ದಂಟಿಗೆ ಒಂದು ಬಳೆ, ಬುಡದಲ್ಲಿ ಒಂದು ಚೀಲ ಇರುತ್ತದೆ. ಬೊಲೀಟ್ ಎಂದು ಕರೆಯುವ ಗುಂಪಿಗೆ ಹಾಳೆ ಇರುವುದಿಲ್ಲ. ಕೊಳವೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿದ್ದು, ಕೆಳಗಿನಿಂದ ನೋಡಿದರೆ ಬರೀ ತೂತುಗಳು ಕಾಣುತ್ತವೆ. ಬೊಲೀಟುಗಳಲ್ಲಿ ಹೊಟ್ಟೆ ಕೆಡಿಸುವವು ಇವೆ, ಜೀವ ತೆಗೆಯುವವು ತೀರಾ ಅಪರೂಪ. ಹಾಗಾಗಿ ಆ ತಿಪ್ಪೆಯಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ ಒಂದು ಹಾಳೆಯ ತುಣುಕನ್ನು. ಸಿಕ್ಕಬಾರದು ಎಂದು ಹುಡುಕುತ್ತಿದ್ದೆ. ಮಳೆ ಜೋರಾಯಿತು. ಬೆನ್ನ ಮೇಲೆ ನೀರು ಬೀಳುವುದು ಯಾವಾಗಲೋ ನಿಂತಿತ್ತು. ತಲೆ ಎತ್ತಿದರೆ ಮೈದುನ ಕೊಡೆ ಹಿಡಿದು ನಿಂತಿದ್ದ. ಅವನು ತಾನು ನೆನೆಯುತ್ತಿದ್ದ.

ಎಲ್ಲಾ ತುಣುಕುಗಳಲ್ಲೂ ತೂತುಗಳೇ ಇದ್ದವು. ಒಂದರಲ್ಲೂ ಹಾಳೆ ಇರಲಿಲ್ಲ. ಬಳೆ ಇಲ್ಲ, ಚೀಲ ಇಲ್ಲ.

"ನಿಮ್ಮ ತಾಯಿ ಸೌದೆಗೆ ಎಲ್ಲಿ ಹೋಗ್ತಾರೆ?" ಎಂದೆ.

ಊರಾಚೆ ಅಕೇಶಿಯಾ ತೋಪಿತ್ತು. ಉದುರಿದ ಎಲೆ ಕಾಲಡಿ ಚಾಪೆಯಂತೆ ಹಾಸಿತ್ತು, ಹುಲ್ಲೂ ಹುಟ್ಟುವುದಿಲ್ಲ ಅಲ್ಲಿ. ಎಲೆಯನ್ನು ಮೇಲಕ್ಕೆತ್ತಿಕೊಂಡು ಅಣಬೆಗಳು ಎದ್ದಿದ್ದವು. ಅಂಗೈಯಗಲದ ಕಂದು ಟೋಪಿ, ಮುಟ್ಟಿದರೆ ಚರ್ಮದ ಚಪ್ಪಲಿ ಮುಟ್ಟಿದಂತೆ. ತಿರುಗಿಸಿದರೆ ತೂತುಗಳ ಬಾಯಿ ಇಟ್ಟಿಗೆ ಕೆಂಪು. ದಂಟಿನ ಮೇಲೆ ಕೆಂಪು ಚುಕ್ಕಿ. ಮೈದುನನ ಕುಡುಗೋಲಿನಿಂದ ಒಂದನ್ನು ಸೀಳಿದೆ. ಒಳಗಿನ ಹಳದಿ ತಿರುಳು ನಾವು ನೋಡುತ್ತಿದ್ದಂತೆಯೇ ಕಡುನೀಲಿಯಾಯಿತು.

"ಅಯ್ಯಯ್ಯಪ್ಪಾ! ಇಸ ಅಲ್ವಾ ಇದು?" ಎಂದು ಅವನು ಎರಡು ಹೆಜ್ಜೆ ಹಿಂದೆ ಹೋದ.

"ನೀಲಿ ವಿಷ ಅಲ್ಲ. ಬದನೇಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತಲ್ಲ, ಹಾಗೆ. ಗಾಳಿ ತಾಗಿ ಬಣ್ಣ ಬದಲಾಗುತ್ತೆ. ಆದರೆ ಕೆಂಪು ಬಾಯಿ ಇದ್ದು ಇಷ್ಟು ಬೇಗ ನೀಲಿಯಾಗುವುದನ್ನು ತಿನ್ನಬಾರದು. ಹೊಟ್ಟೆ ಕೆಡಿಸುತ್ತೆ. ಅರೆಬೆಂದಿದ್ದರೆ ಇನ್ನೂ ಜಾಸ್ತಿ."

ಅವನು ಅಣಬೆಯನ್ನೇ ನೋಡುತ್ತಾ, "ಅಂಗಾರೆ ಅವ್ಳು ಏಳಿದ್ದು..." ಎಂದ. ತೋಪೆಲ್ಲ ಸುತ್ತಿ, ಕೊಲ್ಲುವ ಜಾತಿಯ ಅಣಬೆ ಬೇರೆ ಎಲ್ಲಾದರೂ ಎದ್ದಿದೆಯೇ ಎಂದು ನೋಡಿದೆವು. ಇರಲಿಲ್ಲ. ಒಂದು ಬುಟ್ಟಿ ಮಾದರಿ ತುಂಬಿಕೊಂಡು ವಾಪಸ್ಸು ಹೊರಟೆವು.

ಡಾಕ್ಟರು ತುಣುಕುಗಳನ್ನೂ ಇಡೀ ಅಣಬೆಯನ್ನೂ ನೋಡಿ, ನಾನು ಹೇಳಿದ್ದನ್ನೆಲ್ಲ ಕೇಳಿ, ಬೆಂಗಳೂರಿಗೆ ಕಳಿಸುವ ಮಾತು ಕೈಬಿಟ್ಟರು. ಡ್ರಿಪ್ ಹಾಕಿ ಇಲ್ಲೇ ನೋಡಿಕೊಳ್ಳುತ್ತೇವೆ, ಕ್ರಿಮಿನಾಶಕದ ಲಕ್ಷಣವೂ ಇಬ್ಬರಲ್ಲೂ ಇಲ್ಲ ಎಂದರು. ಪೇದೆಗೆ ಅಣಬೆಯ ಹೆಸರು ಬೇಕಾಗಿತ್ತು.

"ಹೆಸರು ಗೊತ್ತಿಲ್ಲ. ಬೊಲೀಟ್ ಗುಂಪಿನದು ಅಂತ ಬರೆದುಕೊಳ್ಳಿ."

"ಅದು ಮನೆತನದ ಹೆಸರು ಆಯ್ತಲ್ಲ ಮೇಡಂ. ಇದರದ್ದೇ ಹೆಸರು?"

"ಅದನ್ನ ಗುರುತಿಸೋದಕ್ಕೆ ಟೈಮ್ ಬೇಕು."

ಹೊರಗೆ ಬಂದಾಗ ಸೊಸೆ ಅದೇ ಬೆಂಚಿನಲ್ಲಿದ್ದಳು. "ಉಳೀತಾರಾ ಮೇಡಂ?" ಎಂದಳು. ಉಳಿಯುತ್ತಾರೆ ಎಂದೆ. ತಲೆಯಾಡಿಸಿದಳು. ಆಗಲೂ ಅವಳಿಗೆ ಅಳು ಬರಲಿಲ್ಲ. ಕೈ ಮಾತ್ರ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಮನೆಗೆ ಹೋಗುವಾಗ, ಅಕ್ಕನನ್ನು ಮಲಗಿಸಿದ್ದ ಐಸಿಯು ಬಾಗಿಲ ಮುಂದೆ ಆ ದಿನ ಗಮನಿಸದೆಯೇ ಎಷ್ಟೋ ಸಲ ಓಡಾಡಿದ್ದೇನೆ ಎನ್ನುವುದು ಆಟೋದಲ್ಲಿ ಕೂತ ಮೇಲೆ ನೆನಪಾಯಿತು.

ಮರುದಿನ ಮುದುಕಿಗೆ ಪೂರ್ತಿ ಎಚ್ಚರ ಬಂತು. ಆ ಹಿರಿಯ ನರ್ಸ್ ನನಗೆ ಹೇಳಿದ್ದು ಇದು: ಮೈದುನ ಪೇದೆಯನ್ನು ಕರೆತಂದು ಮಂಚದ ಪಕ್ಕ ನಿಲ್ಲಿಸಿ, ಅವ್ವ ಏನಾಯಿತು ಹೇಳು ಎಂದನಂತೆ. ಮುದುಕಿ, "ನಾನೇ ಕಿತ್ಕಂಬಂದಿದ್ದು ಕಣ್ಲಾ. ಅವ್ಳು ಬ್ಯಾಡ ಅಂದ್ಲು, ನಾನ್ ಕೇಳ್ನಿಲ್ಲ. ಅವ್ಳನ್ನ ಯಾಕ್ಲಾ ಈಚೆ ಕೂರಿಸಿದೀರಿ, ಒಳಗ್ ಕರೀರಿ" ಎಂದಳಂತೆ. ಮೈದುನ ಹೊರಗೆ ಬಂದು ಅತ್ತಿಗೆಯನ್ನು ನೋಡಿದ. ಕ್ಯಾಂಟೀನಿಗೆ ಹೋಗಿ ಇಡ್ಲಿ ಕಟ್ಟಿಸಿಕೊಂಡು ಬಂದು ಅವಳ ಪಕ್ಕ ಇಟ್ಟು ಹೋದ. ಎಷ್ಟೋ ವಾರದ ಮೇಲೆ ಬಂದ ಪರೀಕ್ಷೆಯ ವರದಿಯಲ್ಲಿ ಔಷಧಿಯ ಅಂಶ ಇಲ್ಲ ಎಂದಿತ್ತು.

ಪೇದೆ ಕೇಳಿದ ಹೆಸರು ಮಾತ್ರ ನನ್ನ ಬಳಿ ಉಳಿದುಬಿಟ್ಟಿತು.

ಆ ಮಳೆಗಾಲವೆಲ್ಲ ನಾನು ಮಾಡಿದ್ದು ಅದೇ ಕೆಲಸ. ಅಕ್ಕನ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತಿತ್ತು, ಅವಳ ಮೇಜನ್ನೇ ಬಳಸಿದೆ. ಅಣಬೆಯ ಟೋಪಿಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಮೇಲೊಂದು ಬೋಗುಣಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಬೀಜಕಗಳು ಉದುರಿ ಪುಡಿ ಕೂತಿರುತ್ತದೆ. ಆಲಿವ್ ಕಂದು ಪುಡಿ. ಅದನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ತುದಿ ಚೂಪಾದ ಕದಿರಿನಂಥ ಬೀಜಕಗಳು. ತಿರುಳಿನ ಮೇಲೆ ಅಮೋನಿಯಾ ಒಂದು ತೊಟ್ಟು, ಬಣ್ಣ ಬದಲಾಗುತ್ತದೋ ನೋಡುವುದು. ಮಿಕ್ಕಿದ್ದನ್ನು ಹೋಳು ಮಾಡಿ ಒಣಗಿಸುವುದು. ಮನೆಯಲ್ಲೆಲ್ಲ ಹಸಿ ಮಣ್ಣು ಮತ್ತು ಹುಳಿ ಹಿಟ್ಟಿನ ನಡುವಿನ ಒಂದು ವಾಸನೆ ಇರುತ್ತಿತ್ತು.

ಅಣಬೆ ಗುರುತಿಸುವ ಪುಸ್ತಕಗಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಕರೆದುಕೊಂಡು ಹೋಗುತ್ತವೆ. ತೂತಿನ ಬಾಯಿ ಕೆಂಪೋ ಹಳದಿಯೋ. ಕೆಂಪಾದರೆ ಈ ಕಡೆ ಹೋಗು. ದಂಟಿನ ಮೇಲೆ ಬಲೆಯೋ ಚುಕ್ಕಿಯೋ. ಚುಕ್ಕಿಯಾದರೆ ಈ ಕಡೆ. ನನಗೆ ಆ ಪ್ರಶ್ನೆಗಳು ಹಿಡಿಸಿದವು. ಉತ್ತರ ಕೊಡಲು ಏನೂ ಅನ್ನಿಸಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಾಗಿತ್ತು. ಹೇಗಿದ್ದೀಯಾ, ಚೆನ್ನಾಗಿದ್ದೀಯಾ ಎಂದು ಯಾವ ಪುಸ್ತಕವೂ ಕೇಳುತ್ತಿರಲಿಲ್ಲ.

ಆದರೆ ದಾರಿ ಪ್ರತಿಸಲವೂ ಕೊನೆಗೆ ಮುಗಿದುಹೋಗುತ್ತಿತ್ತು. ಆ ಪುಸ್ತಕಗಳನ್ನು ಬರೆದವರು ಶೀತ ದೇಶದವರು. ಅಲ್ಲಿನ ಬೊಲೀಟುಗಳು ಓಕ್ ಮರದ ಬೇರಿಗೆ, ಪೈನ್ ಮರದ ಬೇರಿಗೆ ಅಂಟಿಕೊಂಡು ಬದುಕುತ್ತವೆ. ಇಲ್ಲಿನದು ಅಕೇಶಿಯಾದ ಬೇರಿನಲ್ಲಿದೆ. ಅಕೇಶಿಯಾ ಆಸ್ಟ್ರೇಲಿಯಾದಿಂದ ಬಂದ ಮರ. ಅಣಬೆಯೂ ಆ ಸಸಿಗಳ ಜೊತೆ ಮಣ್ಣಿನಲ್ಲಿ ಬಂತೋ, ಇಲ್ಲಿಯದೇ ಯಾವುದೋ ಹೊಸ ಮರವನ್ನು ಒಪ್ಪಿಕೊಂಡಿತೋ ಹೇಳುವುದು ಕಷ್ಟ. ಹೋಲಿಸಿ ನೋಡಲು ಬೂವನಹಳ್ಳಿ ಕಡೆಯ ನೀಲಗಿರಿ ತೋಪಿಗೆ ಹೋದೆ, ಕೊರವಂಗಲದ ಹತ್ತಿರ ರಸ್ತೆ ಬದಿಯ ಮರಗಳಡಿ ನೋಡಿದೆ. ಬೇರೆ ಬೊಲೀಟುಗಳು ಸಿಕ್ಕವು, ಇದು ಸಿಗಲಿಲ್ಲ. ಒಣಗಿಸಿದ ಹೋಳುಗಳನ್ನು ದೂರದ ಒಬ್ಬ ತಜ್ಞರಿಗೆ ಕಳಿಸಿದೆ. ಆರು ತಿಂಗಳ ಮೇಲೆ ಉತ್ತರ ಬಂತು. ಗೊತ್ತಿರುವ ಯಾವ ಜಾತಿಗೂ ಸರಿಯಾಗಿ ಕೂಡುತ್ತಿಲ್ಲ, ಹೊಸದೂ ಇರಬಹುದು, ಇನ್ನಷ್ಟು ಮಾದರಿ ಬೇಕು.

ಮುಂದಿನ ಮಳೆಗಾಲ ಶುರುವಾದಾಗ ಸೊಸೆ ಫೋನ್ ಮಾಡಿದಳು. "ಮೇಡಂ, ಎದ್ದವೆ. ಬನ್ನಿ." ಅವಳೇ ನನ್ನ ಜೊತೆ ತೋಪಿನಲ್ಲಿ ತಿರುಗಿ, ಎಳೆಯದು, ಬಲಿತದ್ದು, ಹುಳ ಬಿದ್ದದ್ದು ಎಲ್ಲವನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿಕೊಟ್ಟಳು. ಅವತ್ತು ಮುದುಕಿ ಒಂದು ಮಾತು ಹೇಳಿದಳು. ತನ್ನ ತೌರಿನ ಅಣಬೆಯೂ ಇದೇ ಥರ ಇರುತ್ತದೆ, ಅಲ್ಲಿ ಅದನ್ನು ತಲೆತಲಾಂತರದಿಂದ ತಿನ್ನುತ್ತಾರೆ, ಯಾರಿಗೂ ಏನೂ ಆಗಿಲ್ಲ, ನಿನಗೆ ತೋರಿಸಬೇಕು ಎಂದು.

ಅವಳ ತೌರು ಹೊಳೆನರಸೀಪುರ ತಾಲ್ಲೂಕು. ಒಂದು ವಾರ ಬಿಟ್ಟು ಮೂವರೂ ಬಸ್ಸಿನಲ್ಲಿ ಹೋದೆವು. ಮುದುಕಿಯ ಅಣ್ಣನ ತೆಂಗಿನ ತೋಟದ ಬದುವಿನಲ್ಲಿ, ಹಲಸಿನ ಮರದ ಹತ್ತಿರ ಅದು ಎದ್ದಿತ್ತು. ಒಂದೊಂದು ಊಟದ ತಟ್ಟೆಯಷ್ಟು ಅಗಲ, ದಂಟು ಮಗುವಿನ ತೊಡೆಯಂತೆ ದಪ್ಪ. ಮೇಲೆ ಕಂದು, ಕೆಳಗೆ ತೂತುಗಳ ಬಾಯಿ ಅರಿಶಿನ ಹಳದಿ. ಸೀಳಿ ಹಿಡಿದೆ. ಬಹಳ ಹೊತ್ತಿನ ಮೇಲೆ ಅಂಚಿನಲ್ಲಿ ತೆಳುವಾಗಿ ನೀಲಿ ಬಂತು.

"ನೋಡ್ದಾ? ನೀಲಿ ಆಗ್ತದೆ. ನಾನೇನ್ ಸುಳ್ ಏಳಿದ್ನಾ?" ಎಂದಳು ಮುದುಕಿ. ಗೆದ್ದ ಧ್ವನಿ ಅದು.

ನಾನು ಫೋನಿನಲ್ಲಿ ತೋಪಿನ ಅಣಬೆಯ ಚಿತ್ರ ತೆಗೆದು ಪಕ್ಕದಲ್ಲಿ ಹಿಡಿದೆ. "ಇದು ಹಳದಿ, ಅದು ಕೆಂಪು. ಇದು ನಿಧಾನಕ್ಕೆ ತಿಳಿನೀಲಿ ಆಗುತ್ತೆ, ಅದು ತಕ್ಷಣ ಕಡುನೀಲಿ ಆಗುತ್ತೆ."

ಅವಳು ಫೋನನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು, ಬೆಳಕಿಗೆ ತಿರುಗಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ಎರಡೂ ಒಂದೇ ಥರ ಕಾಣ್ತದಲ್ಲವ್ವ ನಂಗೆ" ಎಂದಳು.

ಸೊಸೆ ಫೋನ್ ತೆಗೆದುಕೊಂಡು ಅತ್ತೆಯ ಮುಖ ನೋಡಿದಳು. "ಅತ್ತೆ, ಕಣ್ ಕಾಣ್ತಿಲ್ವಾ ನಿಮ್ಗೆ?"

"ಕಾಣ್ತದೆ. ಮಂಜ್ ಮಂಜು. ಎರಡ್ ವರ್ಸ ಆಯ್ತು."

"ಎರಡ್ ವರ್ಸಾನಾ! ಒಂದ್ ಮಾತ್ ಏಳ್ಬಾರ್ದಾ?"

"ಏಳಿದ್ರೆ ತೋಪಿಗ್ ಬಿಡ್ತಿದ್ರಾ ನನ್ನ? ಮೂಲೇಲ್ ಕೂರಿಸ್ಬುಡ್ತಿದ್ರಿ."

ಸೊಸೆ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು. ಮೊದಲು ಅವಳು ನಗುತ್ತಿದ್ದಾಳೆ ಎಂದುಕೊಂಡೆ. ಭುಜ ಅಲ್ಲಾಡುತ್ತಿತ್ತು. ಆಮೇಲೆ ಗೊತ್ತಾಯಿತು. ಒಂದು ವರ್ಷದ ಹಿಂದೆ ಆಸ್ಪತ್ರೆಯ ಬೆಂಚಿನಲ್ಲಿ ಬರದ ಅಳು ಈಗ, ಎಲ್ಲಾ ಮುಗಿದ ಮೇಲೆ, ಈ ತೋಟದಲ್ಲಿ ಬಂದಿತ್ತು. ಬಾಯಿ ಬಿಟ್ಟು, ಮಕ್ಕಳು ಅಳುವ ಹಾಗೆ ಅತ್ತಳು. ಮುದುಕಿ ತಡವರಿಸುತ್ತಾ ಹೋಗಿ ಅವಳ ತಲೆ ಸವರಿ, "ಬುಡವ್ವ, ನನ್ದೇ ತಪ್ಪು, ಬುಡು" ಎನ್ನುತ್ತಿದ್ದಳು. ನಾನು ಅಣಬೆಯನ್ನು ಪೇಪರಿನಲ್ಲಿ ಸುತ್ತುತ್ತಾ ನಿಂತಿದ್ದೆ. ನನಗೆ ಅಸೂಯೆಯಂಥದ್ದೇನೋ ಆಯಿತು. ಆ ವರ್ಷದಲ್ಲಿ ನನಗೆ ಸ್ಪಷ್ಟವಾಗಿ ಆದ ಭಾವನೆ ಅದೊಂದೇ, ಹೇಳಿಕೊಳ್ಳುವಂಥದ್ದಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಮುದುಕಿ ನನ್ನ ಪಕ್ಕ ಕೂತಳು. "ಮನೇಲ್ ಯಾರ್ಯಾರವ್ರೆ ನಿಂಗೆ?"

"ಯಾರೂ ಇಲ್ಲ. ಅಕ್ಕ ಇದ್ದಳು. ಹೋದ ವರ್ಷ ಹೋದಳು."

"ಅತ್ತ್ಯಾ?"

ಮೈದುನ ಮನೆಯಲ್ಲಿ ಹೇಳಿರಬೇಕು. ಇಲ್ಲ ಎಂದೆ. ಅವಳು ಬೇರೆಯವರ ಹಾಗೆ ಏನೂ ಉಪದೇಶ ಮಾಡಲಿಲ್ಲ. ನನ್ನ ಮಡಿಲಲ್ಲಿದ್ದ ಅಣಬೆಯ ಗಂಟನ್ನು ತನ್ನ ಮಡಿಲಿಗೆ ತೆಗೆದುಕೊಂಡು, "ನೀನು ಸ್ವಲ್ಪ ಕಣ್ ಮುಚ್ಚು, ಹಾಸ್ನ ಬಂದಾಗ ಎಬ್ಬಿಸ್ತೀನಿ" ಎಂದಳು. ನಾನು ನಿದ್ದೆ ಮಾಡಿದೆ.

ಹಳದಿ ಬಾಯಿಯ ಅಣಬೆಯನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಅದು ಪುಸ್ತಕಗಳಲ್ಲಿರುವ ಜಾತಿ, ದಕ್ಷಿಣದಲ್ಲಿ ಹಲವು ಕಡೆ ತಿನ್ನುತ್ತಾರೆ. ತೋಪಿನ ಕೆಂಪು ಬಾಯಿಯದಕ್ಕೆ ಹೆಸರು ಸಿಗಲಿಲ್ಲ. ಎರಡನೆಯ ಸಲ ಕಳಿಸಿದ ಮಾದರಿಗಳು ಸಾಕು, ಆದರೆ ಹೊಸ ಜಾತಿ ಎಂದು ಹೇಳಬೇಕಾದರೆ ಬೇರೆ ತೋಪಿನಿಂದಲೂ ಬೇಕು ಎಂದು ತಜ್ಞರು ಬರೆದರು. ಮೂರನೆಯ ಮಳೆಗಾಲಕ್ಕೆ ಮೊದಲೇ ಆ ತೋಪನ್ನು ಕಡಿದರು. ಬೊಡ್ಡೆಗಳ ನಡುವೆ ಹೋಗಿ ನೋಡಿದೆ. ಮರ ಹೋದ ಮೇಲೆ ಬೇರಿನ ಅಣಬೆ ಏಳುವುದಿಲ್ಲ. ಬೇರೆ ತೋಪುಗಳನ್ನು ಇವತ್ತಿಗೂ ಹುಡುಕುತ್ತಿದ್ದೇನೆ. ಒಣಗಿದ ಹೋಳುಗಳು ಡಬ್ಬಿಯಲ್ಲಿವೆ, ಹೆಸರಿಲ್ಲದೆ.

ಮುದುಕಿಗೆ ಹಾಸನದಲ್ಲೇ ಕಣ್ಣಿನ ಪೊರೆ ತೆಗೆಸಿದರು. ಅದಾದ ಮೇಲೆ ಮುದುಕಿ, ಮಗ, ಸೊಸೆ ಮೂವರೂ ಚನ್ನರಾಯಪಟ್ಟಣಕ್ಕೆ ಹೋಗಿ ಮನೆ ಮಾಡಿದರು. ಮುದುಕಿ ತಾನೇ ಹೊರಟಳಂತೆ, "ತೋಪೇ ಇಲ್ವಲ್ಲ, ಇಲ್ಲೇನ್ ಮಾಡ್ಲಿ" ಎಂದು. ಮಗ ಕೊಬ್ಬರಿ ಮಂಡಿಗೆ ಹೋಗುತ್ತಾನೆ. ಹೋದ ಮಳೆಗಾಲ ಸೊಸೆ ಒಂದು ಫೋಟೊ ಕಳಿಸಿದಳು. ಮನೆಯ ಹಿಂದಿನ ತೆಂಗಿನ ತೋಟದಲ್ಲಿ ದೊಡ್ಡ ಕಂದು ಅಣಬೆ. ಇನ್ನೊಂದು ಫೋಟೊ, ಮಗುಚಿದ್ದು. ಮೂರನೆಯದು, ಸೀಳಿದ್ದು. ನಾನು ಕೇಳುವ ಮೊದಲೇ ಎಲ್ಲವನ್ನೂ ಕ್ರಮವಾಗಿ ತೆಗೆದಿದ್ದಳು. ಹಳದಿ ಎಂದು ಗೊತ್ತಿದ್ದರೂ, ಕೈಯಲ್ಲಿ ಹಿಡಿದು ನೋಡದೆ ಒಲೆಗೆ ಏರಿಸಬೇಡಿ ಎಂದು ಹೇಳಿ ಬಸ್ಸು ಹತ್ತಿದೆ.

ಅದೇ ಜಾತಿ. ಒಂದೊಂದನ್ನೂ ತಿರುಗಿಸಿ ನೋಡಿದೆ, ಹುಳ ಬಿದ್ದದ್ದನ್ನು ಬಿಸಾಡಿಸಿದೆ. ಸೊಸೆ ಹೋಳು ಮಾಡಿ, ಚೆನ್ನಾಗಿ ಬೇಯಿಸಿ, ಕಾಯಿ ಖಾರ ರುಬ್ಬಿ ಸಾರು ಮಾಡಿದಳು. ಮುದ್ದೆ ಕಟ್ಟಿದಳು. ಆ ಹಳೆಯ ದಿನದ ನಂತರ ಆ ಮನೆಯಲ್ಲಿ ಅಣಬೆ ಮಾಡಿದ್ದು ಅದೇ ಮೊದಲು. ಎಲೆ ಹಾಕಿ ಬಡಿಸಿದಳು. ಗಂಡ ಮುದ್ದೆ ಮುರಿದು ಕೈಯಲ್ಲೇ ಇಟ್ಟುಕೊಂಡ. ಮುದುಕಿ ಎಲೆಯನ್ನು ನೇರ ಮಾಡಿದಳು. ಸೊಸೆ ಸೌಟು ಹಿಡಿದು ನಿಂತೇ ಇದ್ದಳು. ಯಾರ ಕೈಯೂ ಬಾಯಿಗೆ ಹೋಗಲಿಲ್ಲ.

ನಾನು ಒಂದು ತುತ್ತು ಅದ್ದಿ ನುಂಗಿದೆ. ಇನ್ನೊಂದು ಹೋಳು ಅಗಿದು ನೋಡಿದೆ.

"ಉಪ್ಪು ಸ್ವಲ್ಪ ಮುಂದಾಗಿದೆ" ಎಂದೆ.

"ನಾನ್ ಅವಾಗ್ಲೇ ಅಂದೆ" ಎಂದಳು ಮುದುಕಿ. ಸೊಸೆ, "ಎಲ್ಲಿ ಅಂದ್ರಿ ಅತ್ತೆ, ನೀವೇ ಇನ್ನೊಂದ್ ಚಮಚ ಆಕ್ಸಿದ್ದು" ಎಂದು ಸೌಟು ಕೆಳಗಿಟ್ಟು, ಒಳಗಿನಿಂದ ತನಗೂ ಒಂದು ಎಲೆ ತಂದು ಹಾಕಿಕೊಂಡು ಕೂತಳು. ಅವತ್ತು ಅವಳ ಒಪ್ಪತ್ತಿನ ಶನಿವಾರವಾಗಿರಲಿಲ್ಲ. ಎಲ್ಲರೂ ಊಟ ಮಾಡಿದೆವು.